ಷಡ್ಡಕನ ದ್ರಾಕ್ಷಿ ಕಡ್ಡಿ

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನಗೆ ಮನಸ್ಸಾಗಲಿಕ್ಕಿಲ್ಲ.

ಅವನ ದ್ರಾಕ್ಷಿ ತೋಟ ಹೊನವಾಡದಲ್ಲಿದೆ, ನನ್ನದು ಟಿಕೋಟಾದ ಹತ್ತಿರ. ನಾನು ವಿಜಯಪುರದ ಇಬ್ರಾಹಿಂಪುರದಲ್ಲಿ ಮನೆ ಮಾಡಿಕೊಂಡು, ಸೊಲ್ಲಾಪುರ ರಸ್ತೆಯಲ್ಲಿ ಪೈಪು-ಮೋಟಾರಿನ ಅಂಗಡಿ ನಡೆಸುತ್ತ, ಬಿಡುವಾದಾಗ ತೋಟಕ್ಕೆ ಹೋಗುವವನು. ಅವನು ತೋಟದಲ್ಲೇ ಬಿದ್ದಿರುವವನು. ಅವನ ಬೆಳೆ ನನ್ನದಕ್ಕಿಂತ ಚೆನ್ನಾಗಿರುವುದಕ್ಕೆ ಇಷ್ಟು ಕಾರಣ ಸಾಕು, ನನಗೂ ಅದು ತಿಳಿಯುತ್ತದೆ. ಆದರೂ ಅವನ ತೋಟದ ದಾರಿಯಲ್ಲಿ ಹೋಗುವಾಗ ನನ್ನ ಕುತ್ತಿಗೆ ತಾನಾಗಿಯೇ ಆ ಕಡೆ ತಿರುಗುತ್ತಿತ್ತು, ಗೊನೆ ಎಣಿಸದೆ ಮುಂದೆ ಹೋಗಲಾಗುತ್ತಿರಲಿಲ್ಲ. ಅವನ ಮನೆಯ ಹೊಸ ಬಣ್ಣ, ಹೊಸ ಟ್ರ್ಯಾಕ್ಟರ್ ಎರಡನ್ನೂ ನುಂಗಿಕೊಂಡೆ. ನುಂಗಲಾಗದ್ದು ಒಂದೇ. ನಮ್ಮ ಮಾವನಿಗೆ ಅವನೆಂದರೆ ಪ್ರೀತಿ.

ಮಾವನ ಊರು ಬಬಲೇಶ್ವರ, ಅಲ್ಲಿ ಜೋಳದ ಹೊಲದ ಮಗ್ಗುಲಲ್ಲೇ ಅವರ ದ್ರಾಕ್ಷಿ ತೋಟ. ಗಂಡುಮಕ್ಕಳಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ಪ್ರತಿ ಎಳ್ಳಮಾವಾಸ್ಯೆಗೆ ನಾವೆಲ್ಲ ಅವರ ಹೊಲದಲ್ಲಿ ಸೇರುತ್ತೇವೆ. ಜೋಳದ ಬೆಳೆಯ ತುಂಬ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಕೈ ತೊಳೆದ ಮೇಲೆ ಮಾವ ಬೇವಿನ ಮರಕ್ಕೆ ಒರಗಿ ಕೂತು ಅಳಿಯಂದಿರನ್ನು ಕೇಳುತ್ತಾರೆ: ಹೋದ ವರ್ಷ ಏನು ತಪ್ಪಿತು, ಬರುವ ವರ್ಷ ಏನು ಮಾಡುತ್ತೀರಿ? ಏನು ಚೆನ್ನಾಯಿತೆಂದು ಒಮ್ಮೆಯೂ ಕೇಳಿದವರಲ್ಲ. ಷಡ್ಡಕ ತನ್ನ ತಪ್ಪುಗಳನ್ನು ನಗುನಗುತ್ತ ಹೇಳುತ್ತಿದ್ದ, ಮಾವ ತಲೆದೂಗುತ್ತಿದ್ದರು. ನಾನು ಮೋಡ, ಮಂಜು, ಔಷಧಿ ಅಂಗಡಿಯವನ ಮೇಲೆ ಹಾಕಿ ಪಾರಾಗುತ್ತಿದ್ದೆ. ನನ್ನ ಸರದಿ ಬಂದಾಗ ಮಾವನಿಗೆ ಆಕಳಿಕೆ ಬರುತ್ತಿತ್ತು.

ಹೋದ ಶ್ರಾವಣದಲ್ಲಿ ಮಾವ ಒಂದು ಮಾತು ಹೇಳಿದರು. "ಮೊಣಕಾಲು ಮಾತು ಕೇಳವಲ್ಲವು. ಇನ್ಮ್ಯಾಲ ಈ ತ್ವಾಟ ಯಾರರೆ ಒಬ್ರು ನೋಡಬೇಕು. ಎಳ್ಳಮಾಸಿಗೆ ಹೇಳ್ತೀನಿ."

ಆ ತೋಟ ನನಗೆ ಬೇಕಾಗಿತ್ತು. ಅಂಗಡಿ, ಟಿಕೋಟಾ ಎರಡನ್ನೂ ಸಂಭಾಳಿಸಲು ಆಗದವನಿಗೆ ಮೂರನೆಯದು ಯಾಕೆ? ಷಡ್ಡಕನ ಎದುರಿಗೆ ಮಾವ ನನ್ನ ಕಡೆ ಬೆರಳು ತೋರಿಸಬೇಕು, ಅಷ್ಟೇ.

ಅಕ್ಟೋಬರ್ ಬಂತು, ಚಾಟ್ನಿಯ ಹೊತ್ತು. ದ್ರಾಕ್ಷಿ ಬೆಳೆಯದವರಿಗೆ ಹೇಳುವುದಾದರೆ, ಬೇಸಿಗೆಯಲ್ಲಿ ಬೆಳೆದ ಕಡ್ಡಿಯನ್ನು ಆಗ ಕತ್ತರಿಸುತ್ತಾರೆ. ಎಷ್ಟು ಕಣ್ಣು, ಅಂದರೆ ಚಿಗುರೊಡೆಯುವ ಗಿಣ್ಣು, ಬಿಟ್ಟು ಕತ್ತರಿಸಬೇಕೆಂಬುದು ಆ ಬೇಸಿಗೆಯಲ್ಲಿ ಆ ಬಳ್ಳಿಗೆ ಏನೇನಾಯಿತು ಎನ್ನುವುದರ ಮೇಲಿರುತ್ತದೆ. ಒಬ್ಬೊಬ್ಬರ ತೋಟದ ಲೆಕ್ಕ ಒಂದೊಂದು. ಇದು ನನಗೂ ಗೊತ್ತು. ಗೊತ್ತಿದ್ದೂ ಒಂದು ಬೆಳಿಗ್ಗೆ ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಹೊನವಾಡಕ್ಕೆ ಹೋದೆ.

"ಬರ್ರಿ ಅಣ್ಣಾರ! ಭಾಳ ದಿವಸಕ್ಕ ಬಂದ್ರಿ," ಎಂದ ಷಡ್ಡಕ. ಚಹಾ ಕೊಟ್ಟ. ನಾನು ಸುಮ್ಮನೆ ಅಡ್ಡಾಡುವವನಂತೆ ಅವನ ಸಾಲುಗಳಲ್ಲಿ ಅಡ್ಡಾಡಿ, ಅವನ ಆಳುಗಳು ಎಷ್ಟನೆಯ ಕಣ್ಣಿಗೆ ಕತ್ತರಿ ಹಾಕುತ್ತಿದ್ದಾರೆಂದು ಎಣಿಸಿಕೊಂಡು ಬಂದೆ. ಮರುದಿನ ನನ್ನ ತೋಟದಲ್ಲಿ ಅದೇ ಅಳತೆಗೆ ಕತ್ತರಿ ಹಾಕಿಸಿದೆ. ಆ ಇಡೀ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಆಳುಗಳಿಗೂ ಪೇಢೆ ತರಿಸಿ ಹಂಚಿದೆ.

ಅವನ ಬಳ್ಳಿ ಬೇಸಿಗೆಯಲ್ಲಿ ಹದವಾಗಿ ನೀರು ಕುಡಿದದ್ದು, ಕಡ್ಡಿ ಸಣ್ಣದು. ನನ್ನದು ಅಂಗಡಿಯ ಗಡಿಬಿಡಿಯಲ್ಲಿ ಮೋಟಾರು ಬಂದ್ ಮಾಡುವುದನ್ನು ಮರೆತು ಮರೆತು ನೀರು ಕುಡಿದು ಸೊಕ್ಕಿದ್ದು. ಗೊನೆ ಹಿಡಿಯುವ ಕಣ್ಣುಗಳು ನನ್ನ ಕಡ್ಡಿಯಲ್ಲಿ ಮೇಲೆಲ್ಲೋ ಇದ್ದವು, ನಾನು ಕೆಳಗೆ ಕತ್ತರಿಸಿದ್ದೆ. ದೀಪಾವಳಿ ಹೊತ್ತಿಗೆ ತೋಟ ಹಚ್ಚಗೆ ಎದ್ದು ನಿಂತಿತು. ನೋಡಿದವರೆಲ್ಲ ಹೊಗಳಿದರು. ಬಗ್ಗಿ ನೋಡಿದರೆ ಬರೀ ಎಲೆ. ಅಲ್ಲೊಂದು ಇಲ್ಲೊಂದು ಗೊನೆ, ಅದೂ ನಾಚಿಕೊಂಡಿತ್ತು.

ಎಳ್ಳಮಾವಾಸ್ಯೆ ಬಂತು, ಊಟವಾಯಿತು. ಮಾವ ಬೇವಿಗೆ ಒರಗಿದರು. ಷಡ್ಡಕ ಮೊದಲು ಮಾತಾಡಿದ. ಸಾಲುಸಾಲಿಗೂ ಗೊನೆ ಜೋತಾಡುತ್ತಿದ್ದ ತೋಟದ ಒಡೆಯ, ಅಂಥ ವರ್ಷದಲ್ಲೂ ತಪ್ಪು ಹುಡುಕಿ ಹೇಳಿದ: "ಗೊನಿ ಭಾಳ ಬಿಟ್ಟೀನ್ರಿ ಮಾಮಾರ, ಆಸೆಬುರುಕತನ ಮಾಡೀನಿ. ಬರೂ ವರ್ಷ ತಗದ ಹಾಕ್ತೀನ್ರಿ." ಹೆಚ್ಚು ಬಂದದ್ದೇ ಅವನ ತಪ್ಪಂತೆ! ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

"ನೀವು ಹೇಳ್ರಿ ಅಳ್ಯಾರ," ಎಂದರು ಮಾವ.

"ಈ ಸಲ ಮೋಡ ಭಾಳ ಆತ್ರಿ ಮಾಮಾರ," ಎಂದೆ.

ಮಾವ ಈ ಸಲ ಆಕಳಿಸಲಿಲ್ಲ. ಪಾತ್ರೆ ಸೇರಿಸುತ್ತಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು. "ನೀ ಹೇಳಬೇ. ನಿಮ್ಮ ತ್ವಾಟದಾಗ ಏನ್ ತಪ್ಪೇತಿ?"

ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಕೈ ಒರೆಸಿಕೊಂಡಳು. "ಚಾಟ್ನಿ ಮುಂದ ಹೋಗಿ ಕಡ್ಡಿ ನೋಡಿದ್ದೆ ಯಪ್ಪಾ. ಸೊಕ್ಕಿದ್ದವು, ಉದ್ದ ಬಿಡಬೇಕಾಗಿತ್ತು. ಹೇಳಬೇಕನ್ನೂದ್ರಾಗ ಇವರು ಹೊನವಾಡಕ್ಕ ಹೋಗಿ ಅಲ್ಲಿ ಅಳತಿ ತಂದಿದ್ರು."

ಷಡ್ಡಕ ನನ್ನನ್ನು ನೋಡಿದ. ಪೇಢೆಯ ಅರ್ಥ ಅವನಿಗೆ ಆಗ ಆಯಿತು. ಪುಣ್ಯಾತ್ಮ ನಗಲಿಲ್ಲ. ನಕ್ಕಿದ್ದರೆ ಅವನನ್ನು ದ್ವೇಷಿಸಿಕೊಂಡಾದರೂ ಇರುತ್ತಿದ್ದೆ.

"ಈ ತ್ವಾಟದಾಗ ಆಡಿ ಬೆಳದಾಕಿ," ಎಂದರು ಮಾವ. "ಇನ್ಮ್ಯಾಲ ಇದನ್ನ ನೀನ ನೋಡು."

ಹೀಗೆ ನನ್ನ ಹೊಟ್ಟೆಕಿಚ್ಚು ಹೊನವಾಡದಿಂದ ಹೊರಟು ನನ್ನ ಮನೆಯೊಳಗೇ ಬಂದು ಕೂತಿತು. ಈಗ ಅವಳು ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ಬಬಲೇಶ್ವರಕ್ಕೆ ಹೋಗುತ್ತಾಳೆ. ಮಾವನ ಫೋನು ನನಗೆ ಬರುವುದಿಲ್ಲ. ಸಂಜೆ ಅವಳು ಕಾಲಿಗೆ ಮಣ್ಣು ಮೆತ್ತಿಕೊಂಡು ಹಾಡುತ್ತ ಬಂದರೆ ನನಗೆ ಚಹಾ ಕಹಿಯಾಗುತ್ತದೆ. ಅವಳು ಹಾಡುತ್ತಾಳೆಂಬುದೇ ನನಗೆ ಗೊತ್ತಿರಲಿಲ್ಲ.

ಇದೀಗ ವರ್ಷದ ಇನ್ನೊಂದು ಚಾಟ್ನಿ, ಏಪ್ರಿಲ್ಲಿನದು, ಹತ್ತಿರ ಬಂದಿದೆ. ಬರುವ ವರ್ಷದ ಬೆಳೆಗೆ ಇಲ್ಲಿಂದಲೇ ಶುರು. ಕಳೆದದ್ದನ್ನೆಲ್ಲ ನೆನೆದು, ಈ ವರ್ಷ ನನ್ನ ತೋಟವನ್ನು ನಾನೇ ನೋಡಬೇಕೆಂದು ನಿಶ್ಚಯಿಸಿ ಕೂತಿದ್ದೆ. ಮೊನ್ನೆ ಊಟದ ಹೊತ್ತಿಗೆ ಷಡ್ಡಕನ ಫೋನು ಬಂತು.

"ಅಣ್ಣಾರ, ಅಕ್ಕಾರ ಅದಾರೇನ್ರಿ? ಕಡ್ಡಿ ಫೋಟೋ ಕಳಿಸೀನಿ, ನೋಡಿ ಹೇಳ್ಬೇಕಾಗಿತ್ತು."

ಫೋನನ್ನು ಅವಳ ಕೈಗೆ ಕೊಟ್ಟೆ. ರೊಟ್ಟಿ ತಣ್ಣಗಾಗುವ ತನಕ ಮಾತಾಡಿದರು. ನನ್ನ ಹೆಂಡತಿಯನ್ನು ಕೇಳುವುದರಲ್ಲೂ ಅವನು ನನಗಿಂತ ಮುಂದೆ! ಅವಳು ಫೋನಿಟ್ಟ ಕೂಡಲೇ ನಾನು ಸಿಡುಕಿದೆ: "ಊರ ಮಂದಿ ಕಡ್ಡಿ ಎಲ್ಲಾ ನೋಡಾಕತ್ತಿ. ನಮ್ಮ ಕಡ್ಡಿ ಯಾವಾಗ ನೋಡಾಕಿ?"

ಅವಳು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

"ನೀವು ಕೇಳಿದ್ದು ಇವತ್ತ ಅಲ್ಲೇನ್ರಿ," ಎಂದಳು.