ಕೆರೆ ಏರಿಯ ಮೇಲೆ ಇಬ್ಬರು

ಮೂವತ್ತರ ದಶಕದ ಕೊನೆಯ ಭಾಗ. ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇತ್ತು. ಸರ್ಕಾರಿ ಕಚೇರಿಗಳಿಗೆ ಬೇಕಾದ ಫೋಟೊಗಳನ್ನೂ ತೆಗೆದುಕೊಡುತ್ತಿದ್ದೆ. ಒಂದು ದಿನ ಮದ್ದೂರಿನ ಅಮಲ್ದಾರರು ಕರೆಸಿ, ಫೋಟೊ ಒಂದನ್ನು ಮುಂದಿಟ್ಟು, "ಇದು ಅಸಲಿಯೋ ನಕಲಿಯೋ ಹೇಳಿ" ಎಂದರು.

ಕೊಪ್ಪದ ಕಡೆಯ ಒಂದು ಕೆರೆ ಏರಿ. ಅದರ ಮೇಲೆ ತೂಬು ತೆಗೆಯುತ್ತಿರುವ ನೀರುಗಂಟಿ ಮಾದಯ್ಯ. ಅವನ ಹೆಗಲಿಗೆ ಹೆಗಲು ತಾಗಿಸಿದಂತೆ ಜಮೀನುದಾರ ಪುಟ್ಟೇಗೌಡ. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಅವನು ತೂಬು ತೆಗೆಯುವಾಗ ಯಾವ ಜಮೀನುದಾರನೂ ಹತ್ತಿರ ಸುಳಿಯಕೂಡದೆಂಬುದು ಆ ಊರಿನ ಕಟ್ಟುಪಾಡು. ಫೋಟೊ ತೆಗೆದವನು ಪಟೇಲ ನಂಜೇಗೌಡನ ಬಾಮೈದ, ಇಬ್ಬರೂ ಸೇರಿ ನೀರು ಕದಿಯುತ್ತಾರೆಂದು ದೂರು ಕೊಟ್ಟವನು ಪಟೇಲ. ಪುಟ್ಟೇಗೌಡ ಏರಿಯ ಆಚೆ ತುದಿಯಲ್ಲಿದ್ದ ಎಂದು ಮಾದಯ್ಯ ಬಡಕೊಂಡರೂ ಯಾರೂ ನಂಬಲಿಲ್ಲ. ದೂರು ನಿಂತರೆ ಅವನ ಕೆಲಸವೂ ಹೋಗುತ್ತಿತ್ತು, ಅದಕ್ಕೆಂದು ಬಿಟ್ಟಿದ್ದ ಇನಾಮು ಗದ್ದೆಯೂ ಹೋಗುತ್ತಿತ್ತು.

ಭೂತಗನ್ನಡಿ ಹಿಡಿದು ನೋಡಿದೆ. ಅಂಟಿಸಿದ ಗುರುತಿಲ್ಲ, ತಿದ್ದಿದ ಗುರುತಿಲ್ಲ. ಆದರೂ ಸಮಾಧಾನವಾಗಲಿಲ್ಲ. ನಾನು ಹುಟ್ಟಾ ಅನುಮಾನದ ಪ್ರಾಣಿ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ! ಏರಿಯ ಸಾಲು ಹೊಂಗೆಮರಗಳು ಒಂದರ ಮೈಮೇಲೊಂದು ಬಿದ್ದಂತೆ ಕಾಣುತ್ತಿದ್ದವು. ಮರಗಳನ್ನು ಹಾಗೆ ಯಾರಾದರೂ ನೆಡುತ್ತಾರೆಯೇ? ಇದು ಟೆಲಿಫೋಟೊ ಲೆನ್ಸಿನ ಕೆಲಸವೇ ಇರಬೇಕು ಅನ್ನಿಸಿತು. ಬಹು ದೂರದಿಂದ ನೋಡುವಾಗ ಮುಂದಿನವನೂ ಹಿಂದಿನವನೂ ಹೆಚ್ಚುಕಡಿಮೆ ಒಂದೇ ಅಳತೆ ಕಾಣುತ್ತಾರೆ. ಈ ಲೆನ್ಸ್ ಆ ದೂರದ ಚೂರನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ನಡುವಿನ ಜಾಗ ಕಣ್ಣಿಗೇ ಬೀಳುವುದಿಲ್ಲ.

ಮಾರನೆಯ ದಿನ ಎಲ್ಲರೂ ಕೆರೆಗೆ ಹೋದೆವು. ಏರಿಯ ನೇರಕ್ಕೆ, ದೂರದ ದಿಬ್ಬದ ಮೇಲೆ ಕ್ಯಾಮೆರಾ ಹೂಡಿ ನನ್ನ ಟೆಲಿಫೋಟೊ ಲೆನ್ಸ್ ಹಾಕಿದೆ. ಪಟೇಲ ಮುಖ ಗಂಟಿಕ್ಕಿಕೊಂಡು, "ಏನ್ ಸ್ವಾಮಿ, ಮಾದ ನಿಮ್ಮನ್ನೂ ಒಳಗಾಕ್ಕೊಂಡವ್ನಾ?" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನನ್ನೇ ಏರಿಯ ಆಚೆ ತುದಿಗೆ ಅಟ್ಟಿದೆ. ಅಮಲ್ದಾರರು ಈಚೆ ತುದಿಯಲ್ಲಿ ನಿಂತರು. ಕೂಗಿದರಷ್ಟೇ ಒಬ್ಬರದು ಒಬ್ಬರಿಗೆ ಕೇಳಬೇಕು, ಅಷ್ಟು ದೂರ.

ಮಾದಯ್ಯ ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಚಿತ್ರ ನೋಡಿದವನೇ ಕಿರುಚಿದ: "ಅಯ್ಯೋ ಬುದ್ಧಿ! ಅಮಲ್ದಾರ್ರು ಪಟೇಲಪ್ಪನ್ ಪಕ್ಕಕ್ಕೇ ಒತ್ಕೊಂಡು ನಿಂತವ್ರಲ್ಲಪ್ಪೋ!"

ಆ ನೋಟವನ್ನೇ ಫೋಟೊ ತೆಗೆದು, ಪ್ರಿಂಟು ಹಾಕಿ ಅಮಲ್ದಾರರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು. ದೂರನ್ನು ಅಲ್ಲೇ ವಜಾ ಮಾಡಿ, ಆಮೇಲೆ ದನಿ ತಗ್ಗಿಸಿ, "ಇದರ ನೆಗೆಟಿವ್ ಪ್ಲೇಟು ಎಲ್ಲಿದೆ? ಅದನ್ನೂ ಇಲ್ಲೇ ಕೊಟ್ಟು ಹೋಗಿ" ಎಂದರು.

ತೆಗೆದವನು ಎಲ್ಲಿ ನಿಂತಿದ್ದ, ಯಾವ ಲೆನ್ಸ್ ಹಾಕಿದ್ದ ಎಂದು ಕೇಳದೆ ಆಮೇಲೆ ನಾನು ಯಾವ ಫೋಟೊದ ಬಗ್ಗೆಯೂ ಅಭಿಪ್ರಾಯ ಕೊಟ್ಟಿಲ್ಲ. ಮಾದಯ್ಯ ನನಗಿಂತ ಜೋರು. ಕೆಲಸ ಉಳಿದ ಖುಷಿಗೆ ಏರಿಯ ಮೇಲೇ ನಿನ್ನದೊಂದು ಫೋಟೊ ತೆಗೆಯುತ್ತೇನೆ ಬಾ ಅಂದರೆ, ಮೊದಲು ಹಿಂದಕ್ಕೆ ತಿರುಗಿ ಏರಿಯ ಉದ್ದಕ್ಕೂ ನೋಡಿದ.

"ಬ್ಯಾಡ ಬುಡಿ ಬುದ್ಧಿ. ಆ ತುದೀಲಿ ಯಾರೋ ಬತ್ತಾವ್ರೆ."