ಕೊನೆಯ ಹುಳು ಏಳುವವರೆಗೆ

ಹೆಚ್ಚಿದ ಎಳೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಎಲ್ಲಿ ಬಂದರೂ ನನಗೆ ಜಂಗಮಕೋಟೆಯ ಅತ್ತಿಗೆಯ ಚಾಕಿ ಮನೆ ನೆನಪಾಗುತ್ತದೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗ ಅದು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುವುದು. ನನಗಿದ್ದ ರೇಷ್ಮೆ ಜ್ಞಾನ ಇಷ್ಟೇ.

ಅಲ್ಲಿನ ಶಾಖ ನೋಡಿಕೊಂಡು ಹೀಟರನ್ನು ತಾನೇ ಹಾಕಿ ಆರಿಸಲು ನಾನು ಮಾಡಿಕೊಟ್ಟಿದ್ದ ಡಬ್ಬ ಕೆಟ್ಟಿತ್ತು. ಹೊಸದಕ್ಕೆ ಒಂದರ ಬದಲು ನಾಲ್ಕು ಕೋರ್, ಅಂದರೆ ನಾಲ್ಕು ಮಿದುಳು, ಇರುವ ಪ್ರೊಸೆಸರ್ ಹಾಕಿ, ಅವನ್ನು ಎಬ್ಬಿಸಿ ಕೆಲಸ ಹಂಚುವ ಮೂಲ ತಂತ್ರಾಂಶವಾದ ಹಳೆಯ ಕರ್ನಲ್ಲನ್ನೇ ತಿದ್ದಿ ತುಂಬಿದ್ದೆ. ಹಳೆಯ ಪ್ರೊಸೆಸರಿನಲ್ಲಿ ಸರಾಗವಾಗಿ ಏಳುತ್ತಿದ್ದ ಕರ್ನಲ್ ಇದರಲ್ಲಿ ಅರ್ಧಕ್ಕೇ ಕುಸಿಯುತ್ತಿತ್ತು.

ಅತ್ತ ಗೌರಿಬಿದನೂರಿನಲ್ಲಿ ಅತ್ತಿಗೆಯ ಮಗಳಿಗೆ ದಿನ ತುಂಬಿತ್ತು, ಎರಡನೇ ಹೆರಿಗೆ. ಸೊಪ್ಪು ಹಾಕಲು ಅಣ್ಣನಿದ್ದ. ಶಾಖ ನೋಡೋದು ಮಾತ್ರ ಅವನಿಗೆ ಒಗ್ಗದು. ನಾನೇ ಹೀಟರ್ ಕಾಯುತ್ತೇನೆ, ನೀವು ಮಗಳ ಹತ್ತಿರ ಹೋಗಿ ಅಂದೆ ಅತ್ತಿಗೆಗೆ.

"ನೀನಾ? ಭಯಕ್ಕೆ ಹತ್ತು ನಿಮಿಷಕ್ಕೊಂದ್ಸಲ ಆರಿಸ್ತೀಯ. ಹುಳ ಚಳಿಗೇ ಸಾಯ್ತವೆ. ಡಬ್ಬ ಎದ್ರೆ ಹೋಗ್ತೀನಿ, ಇಲ್ದಿದ್ರೆ ಇಲ್ಲ."

ಸುಳ್ಳಲ್ಲ. ಚಿಂತಾಮಣಿ ಬಸ್ಸು ಹತ್ತಿ ಕೂತ ಮೇಲೂ ಇದು ಚಿಂತಾಮಣಿಗೇ ಹೋಗುತ್ತಾ ಅಂತ ಮೂರು ಜನರನ್ನು ಕೇಳುವವನು ನಾನು. ಮೊದಲು ವೈರನ್ನು ಅನುಮಾನಿಸಿದೆ, ಬೆಸುಗೆಯನ್ನು ಅನುಮಾನಿಸಿದೆ, ಕೊನೆಗೆ ನನ್ನ ಗ್ರಹಗತಿಯನ್ನು. ಆಮೇಲೆ ಹೆಜ್ಜೆಹೆಜ್ಜೆಗೂ 'ಇಲ್ಲಿವರೆಗೆ ಬಂದೆ' ಎಂದು ಪರದೆಗೆ ಬರೆಯುವ ಸಾಲುಗಳನ್ನು ಕರ್ನಲ್ಲಿಗೆ ಸೇರಿಸಿದೆ. ಸಾಲು ಸೇರಿಸಿದರೆ ಎದ್ದಿತು; ತೆಗೆದರೆ ಬಿತ್ತು. ವೈದ್ಯರ ಮುಂದೆ ಮಾತ್ರ ಕೆಮ್ಮದ ರೋಗಿಯ ಹಾಗೆ.

"ಎದ್ದಿತೇನಪ್ಪ?"

"ಏಳ್ತದೆ ಅತ್ತಿಗೆ, ಬೀಳ್ತದೆ."

"ನನ್ನ ಮಂಡಿ ಹಂಗೇ ಅನ್ನು."

ಸುಮ್ಮನೆ ಕೂರಲಾಗದೆ ತಟ್ಟೆಯ ಬಳಿ ಹೋದೆ. ಜ್ವರದಿಂದೆದ್ದ ಕೆಲವು ಹುಳುಗಳು ಹಸಿದು ತಲೆಯಾಡಿಸುತ್ತಿದ್ದವು. ಪಾಪ ಅನಿಸಿ ಒಂದು ಹಿಡಿ ಸೊಪ್ಪು ಎತ್ತಿಕೊಂಡೆ.

"ಅಯ್ಯೋ, ಕೈ ತೆಗಿಯಪ್ಪ!" ಅತ್ತಿಗೆ ಮಣಿಕಟ್ಟೇ ಹಿಡಿದರು. "ಎದ್ದೋವಕ್ಕೆ ಮೊದಲೇ ಹಾಕಿದ್ರೆ ಮಲಗಿರೋವು ಹಿಂದೆ ಬೀಳ್ತವೆ. ಇಡೀ ತಟ್ಟೆ ಏರುಪೇರಾಗ್ತದೆ. ಕೊನೇದು ಏಳೋವರ್ಗೂ ಕಾಯ್ಬೇಕು."

ಸೊಪ್ಪು ಹಿಡಿದೇ ನಿಂತೆ. ನನ್ನ ಕರ್ನಲ್ಲೂ ಇದನ್ನೇ ಮಾಡುತ್ತಿತ್ತಲ್ಲ! ಮೊದಲ ಕೋರ್ ಎದ್ದ ತಕ್ಷಣ, ಉಳಿದವು ಎದ್ದವೋ ಇಲ್ಲವೋ ನೋಡದೆ ಕೆಲಸ ಹಂಚುತ್ತಿತ್ತು. ನಾನು ಸೇರಿಸಿದ ಸಾಲುಗಳನ್ನು ಬರೆಯುವಷ್ಟು ಹೊತ್ತಿನಲ್ಲಿ ಅವೂ ಏಳುತ್ತಿದ್ದವು, ಅಷ್ಟೇ. ಒಂದೇ ಕೋರಿನ ಹಳೆಯ ಪ್ರೊಸೆಸರಿನಲ್ಲಿ ಯಾರಿಗೂ ಕಾಯುವ ಪ್ರಶ್ನೆಯೇ ಇರಲಿಲ್ಲ. ನಾಲ್ಕೂ 'ಎದ್ದೆ' ಅನ್ನುವವರೆಗೆ ಕಾಯುವಂತೆ ತಿದ್ದಿದೆ. ಡಬ್ಬ ಎದ್ದಿತು. ನಂಬಿಕೆ ಬರದೆ ಆರಿಸಿ ಹಾಕಿದೆ, ಮತ್ತೆ ಆರಿಸಿದೆ.

"ಇನ್ನೆಷ್ಟು ಸಲ ಎಬ್ಬಿಸ್ತೀಯ? ಬಿಡಪ್ಪ, ಅದಕ್ಕೂ ಸುಸ್ತಾಗ್ತದೆ," ಎಂದು ಅತ್ತಿಗೆ ಬ್ಯಾಗು ಹಿಡಿದು ಹೊರಟೇಬಿಟ್ಟರು.

ಮರುದಿನ ಮಧ್ಯಾಹ್ನ ಅತ್ತಿಗೆಯ ಫೋನ್ ಬಂತು. ಹೆಣ್ಣು ಮಗು, ಇಬ್ಬರೂ ಆರಾಮ. "ಊಟ ಮಾಡಿದ್ಯಾ?" ಅಂದರು. ಡಬ್ಬ ತಪ್ಪು ಹೇಳೀತೆಂದು ಬೆಳಗಿನಿಂದ ಏನೂ ತಿನ್ನದೆ ಥರ್ಮಾಮೀಟರ್ ಹಿಡಿದು ಅದರ ಪಕ್ಕದಲ್ಲೇ ಕೂತಿದ್ದೆ.

"ಆಯ್ತು ಅತ್ತಿಗೆ," ಅಂದೆ.