ಪರೀಕ್ಷೆಗೆಂದು ಮಾಡಿಸಿದ ಕಿಟಕಿ

ನಮ್ಮ ಅಡುಗೆಮನೆಯ ಕಿಟಕಿಗೆ ಗ್ರಿಲ್ ಮಾಡಿಕೊಟ್ಟವನು ನನ್ನ ತಮ್ಮ. ಸರಳುಗಳ ನಡುವೆ ತಗಡಿನ ಎಲೆ ಕೂರಿಸುವಾಗ ಅವನು ಪ್ರತಿ ಎಲೆಯ ತುದಿಯನ್ನೂ ಒಳಕ್ಕೆ ಮಡಚಿ ಬಡಿಯುತ್ತಾನೆ. ಒಮ್ಮೆ ಅವ್ವನ ಸೆರಗು ಅಂಥ ತುದಿಗೆ ಸಿಕ್ಕಿ ಹರಿದಿತ್ತು. ಅಂದಿನಿಂದ ಬಂದ ರೂಢಿ. ಬೇರೆ ಯಾರೂ ಅಷ್ಟು ತ್ರಾಸು ತೆಗೆದುಕೊಳ್ಳುವುದನ್ನು ನಾನು ಕಂಡಿಲ್ಲ.

ಅವನಿರುವುದು ಭಾಲ್ಕಿಯಲ್ಲಿ. ಅಲ್ಲಿ ವೆಲ್ಡಿಂಗ್ ಕೆಲಸವೆಂದರೆ ಯಾರದೋ ಮನೆಯ ಗೇಟು, ಸುಗ್ಗಿಗೆ ಮುಂಚೆ ಟ್ರ್ಯಾಲಿ ರಿಪೇರಿ. ಉಳಿದ ದಿನ ಅಂಗಡಿ ಮುಂದೆ ಕೂತು ಚಹಾ ಕುಡಿಯುವುದು. ಅದೂ ಸಾಕಾದಾಗ ಪುಣೆಗೆ ಹೋಗುತ್ತಾನೆ. ಹೋದ ಸಲ ತಿರುಗಿ ಬಂದಾಗ ಅವನ ಮಗಳು ಗುರುತು ಹತ್ತದೆ ತಾಯಿಯ ಹಿಂದೆ ಅಡಗಿದ್ದಳು. ಅದಕ್ಕೇ, ಬೀದರಿನ ಶೆಡ್ಡೊಂದರಲ್ಲಿ ಕಾಯಂ ವೆಲ್ಡರುಗಳು ಬೇಕಂತೆ ಎಂದು ಕೇಳಿದವನೇ ಪರೀಕ್ಷೆಯ ಹಿಂದಿನ ದಿನವೇ ಬೀದರಿನಲ್ಲಿರುವ ನಮ್ಮ ಮನೆಗೆ ಬಂದು ಉಳಿದ. ಬೆಳಗ್ಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕಳಿಸಿದೆ.

ಔರಾದ, ಕಮಲನಗರದ ಕಡೆಯಿಂದಲೂ ಮಂದಿ ಬಂದಿದ್ದರಂತೆ. ವೆಲ್ಡಿಂಗ್ ರಾಡು ಅವರವರೇ ತರಬೇಕು. ಪರೀಕ್ಷೆಯೆಂದು ಒಬ್ಬೊಬ್ಬರಿಂದಲೂ ಪೂರಾ ಒಂದು ಕಿಟಕಿಯ ಗ್ರಿಲ್ ಮಾಡಿಸಿದರಂತೆ. ಸಂಜೆ ವೆಲ್ಡಿಂಗಿನ ಬೆಳಕಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಹಸಿ ಆಲೂಗಡ್ಡೆಯ ಬಿಲ್ಲೆ ಕೊಯ್ದು ರೆಪ್ಪೆಗಳ ಮೇಲಿಟ್ಟೆ. ಮಲಗಿದಲ್ಲಿಂದಲೇ ಅಂದ:

“ಶೆಡ್ಡಿನ ಸೇಠ್ ಕೈ ಚಲೋ ಅದ ಅಂದಾನಕ್ಕ. ಫೋನ್ ಮಾಡ್ತಾನಂತ. ಪುಣೆ ತಪ್ತು ಅನಸ್ತದ.”

ಫೋನು ಬರಲಿಲ್ಲ. ಅಷ್ಟರಲ್ಲಿ ಔರಾದದಲ್ಲಿ ಆ ಸೇಠನ ಹೊಸ ಮನೆಯ ವಾಸ್ತುಶಾಂತಿ ಬಂತು. ನಮ್ಮ ಓಣಿಯವರ ಸಂಬಂಧಿ ಅವನು, ನಮಗೂ ಹೇಳಿ ಕಳಿಸಿದ್ದರು. ಮುಖ ತೋರಿಸಿದರೆ ನೆನಪಾದೀತೆಂದು ತಮ್ಮನನ್ನೂ ಕರೆದುಕೊಂಡು, ಆಯೇರಿಗೆ, ಅಂದರೆ ಉಡುಗೊರೆಗೆ, ಒಂದು ದೊಡ್ಡ ಟವೆಲ್ಲು ಹಿಡಿದು ಹೋದೆ.

ಊಟಕ್ಕೆ ಕೂತಲ್ಲಿ ಪಕ್ಕಕ್ಕೆ ಕಿಟಕಿ. ಸುಮ್ಮನೆ ಗ್ರಿಲ್ಲಿನ ಮೇಲೆ ಕೈಯಿಟ್ಟೆ. ಎಲೆಯ ತುದಿ ಒಳಕ್ಕೆ ಮಡಚಿತ್ತು. ಎದ್ದು ಆಚೆಯ ಕಿಟಕಿ ಮುಟ್ಟಿದೆ, ಚುಚ್ಚಿತು. ಅದರಾಚೆಯದಕ್ಕೆ ಬೆಸುಗೆ ಗಂಟುಗಂಟಾಗಿತ್ತು. ಒಂದೊಂದು ಕಿಟಕಿಯೂ ಒಬ್ಬೊಬ್ಬನ ಕೈ. ಮೇಲೆ ಮಾತ್ರ ಒಂದೇ ಬಣ್ಣ. ಆ ಹಸಿ ಬಣ್ಣದ ವಾಸನೆಯಲ್ಲೇ ತಿರುಗಿ ಬಂದು ತಾಟಿನ ಮುಂದೆ ಕೂತೆ. ತಮ್ಮನೂ ನೋಡಿದ್ದ.

ತುಪ್ಪದ ಗಿಂಡಿ ಹಿಡಿದು ಸೇಠ್ ತಾನೇ ಬಡಿಸುತ್ತ ಬಂದ. ಕೆಲಸದ ಮಾತು ನಾನೇ ಎತ್ತಿದೆ.

“ಮುಂದಿನ ತಿಂಗಳ ಮತ್ತ ಟೆಸ್ಟ್ ಇಟ್ಟೇನ್ರಿ ಅಕ್ಕಾರ. ಕಳಸ್ರಿ ಇವಗ, ನಮ್ಮ ಹುಡುಗ ಇದ್ದಂಗ.”

ತಮ್ಮ ತಲೆಯೆತ್ತಿ ಮಾಳಿಗೆಯ ಮೆಟ್ಟಿಲು ನೋಡಿದ.

“ಹೌದ್ರಿ ಸೇಠ್, ಮೆಟ್ಟಲಕ್ಕ ರೇಲಿಂಗ್ ಇನ್ನಾ ಬಾಕಿ ಅದ ಅಲ್ರಿ.”

ಸೇಠ್ ನಾಚಿಕೊಂಡಿದ್ದರೂ ನಡೆಯುತ್ತಿತ್ತು. ಹೊಟ್ಟೆ ಕುಣಿಸಿ ನಕ್ಕ, “ಭಾಳ ಹುಷಾರ್ ಇದ್ದಿ ಬಿಡಪ್ಪ” ಎಂದು ತಮ್ಮನ ತಾಟಿಗೆ ಇನ್ನಷ್ಟು ತುಪ್ಪ ಸುರಿದ. ಆ ನಗು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಆಯೇರಿ ಮಾಡಲಿಲ್ಲ. ಬಸ್ಸಿನಲ್ಲಿ ತಮ್ಮ ಪುಣೆಯ ಮೇಸ್ತ್ರಿಗೆ ಫೋನು ಹಚ್ಚಿ ಬರುತ್ತೇನೆಂದ. ಅಲ್ಲಿ ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಕಟ್ಟಿಕೊಳ್ಳಲೆಂದು ಟವೆಲ್ಲನ್ನು ಅವನ ತೊಡೆಯ ಮೇಲಿಟ್ಟೆ. ಅದನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ.

“ಮಗಳಿಗೆ ನೀನೇ ಹೇಳಕ್ಕ,” ಎಂದ.